ಕಂಬ ಸ್ಪಷ್ಟ, ಅಮ್ಮನ ಮುಖ ಮಸುಕು: ಮನೆಮಂದಿಯ ಪ್ರವಾಸಕ್ಕೆ ಎಂಥ ಚಿಕ್ಕ ಕ್ಯಾಮೆರಾ ಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ನಾನು, ಹೆಂಡತಿ, 9 ವರ್ಷದ ಮಗಳು, 4 ವರ್ಷದ ಮಗ, 71 ವರ್ಷದ ಅಮ್ಮ. ವರ್ಷಕ್ಕೆ ಎರಡು ಸಲ ಎಲ್ಲರೂ ಪ್ರವಾಸ ಹೋಗುತ್ತೇವೆ. ಇಷ್ಟು ದಿನ ಫೋನಿನಲ್ಲೇ ಫೋಟೋ ತೆಗೆದೆವು, ಆದರೆ ಸಮಾಧಾನ ಇಲ್ಲ. ಹಾಳಾದ ನಾಲ್ಕು ಫೋಟೋ ಜೊತೆಗೆ ಕಳಿಸಿದ್ದೇನೆ: ಬೇಲೂರು, ಕಬಿನಿ, ಗೋಕರ್ಣ, ಹಂಪಿ. ಅಂಗಡಿಯವರು 40 ಎಕ್ಸ್ ಜೂಮ್, 20 ಮೆಗಾಪಿಕ್ಸೆಲ್ ಇರುವ ಪುಟ್ಟ ಕ್ಯಾಮೆರಾ ತಗೊಳ್ಳಿ ಅನ್ನುತ್ತಾರೆ. ದೊಡ್ಡ ಡಿಎಸ್‌ಎಲ್‌ಆರ್ ಹೊರುವುದು ನನಗೆ ಆಗದ ಕೆಲಸ. ಬಜೆಟ್ 50 ಸಾವಿರ. ಮಗಳ ಕೈಗೂ ಕೊಡಬೇಕು ಅಂತ ಆಸೆ. ಏನು ತಗೊಳ್ಳಲಿ?

ಉತ್ತರ: ಹಾಳಾದ ಫೋಟೋಗಳನ್ನೇ ಕಳಿಸಿದ್ದೀರಲ್ಲ, ಅದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ಹೆಚ್ಚಿನವರು ಯಾವ ಕಂಪನಿ, ಎಷ್ಟು ಮೆಗಾಪಿಕ್ಸೆಲ್ ಅಂತ ಶುರು ಮಾಡುತ್ತಾರೆ. ನಿಮ್ಮ ಫೋನ್ ಎಲ್ಲಿ ಸೋತಿದೆ ಅಂತ ಮೊದಲು ನೋಡಬೇಕು. ಫೋನ್ ಚೆನ್ನಾಗಿ ಮಾಡುವ ಕೆಲಸಕ್ಕೆ ಇನ್ನೊಂದು ಕ್ಯಾಮೆರಾ ಕೊಂಡರೆ ಅದು ಮೂರನೇ ಪ್ರವಾಸಕ್ಕೆ ಬೀರುವಿನಲ್ಲೇ ಉಳಿಯುತ್ತದೆ. ಹಾಗಾಗಿ ಒಂದೊಂದೇ ಫೋಟೋ ನೋಡೋಣ.

ಮೊದಲು ಬೇಲೂರಿನದು. ನನಗೆ ಇದೇ ಮುಖ್ಯ ಅನ್ನಿಸಿತು. ಚೆನ್ನಕೇಶವ ದೇವಸ್ಥಾನದ ಒಳಗೆ, ಕಂಬದ ಪಕ್ಕ ನಿಮ್ಮ ಅಮ್ಮ ನಿಂತಿದ್ದಾರೆ. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಕಂಬದ ಮೇಲಿನ ಸುತ್ತುಗೆರೆಗಳು ಒಂದೊಂದೂ ಸ್ಪಷ್ಟವಾಗಿವೆ. ಅಮ್ಮನ ಸೀರೆಯ ಅಂಚೂ ನೆಲದ ಹತ್ತಿರ ಚೆನ್ನಾಗಿ ಬಂದಿದೆ. ಮುಖ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿದೆ. ನಿಮ್ಮ ಕೈ ಅಲುಗಿದ್ದರೆ ಕಂಬವೂ ಮಸುಕಾಗಬೇಕಿತ್ತು. ಫೋಕಸ್ ತಪ್ಪಿದ್ದರೆ ಸೀರೆಯೂ ಮಸುಕಾಗಬೇಕಿತ್ತು. ಎರಡೂ ಆಗಿಲ್ಲ. ಅಮ್ಮ ತಲೆ ಸ್ವಲ್ಪ ತಿರುಗಿಸಿದರು, ಅಷ್ಟೇ. ಫೋಟೋದ ವಿವರ ತೆರೆದು ನೋಡಿದೆ: ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ತೆರೆದಿದ್ದು 1/12 ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಕಲ್ಲು ಅಲುಗುವುದಿಲ್ಲ, ಮನುಷ್ಯರು ಅಲುಗುತ್ತಾರೆ.

ಆ ನವರಂಗಕ್ಕೆ, ಅಂದರೆ ಒಳಗಿನ ಕಂಬಗಳ ಮಂಟಪಕ್ಕೆ, ಬೆಳಕು ಬರುವುದು ಬಾಗಿಲಿನಿಂದ ಮತ್ತು ಕಲ್ಲಿನ ಜಾಲಂಧ್ರಗಳಿಂದ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ. ಫೋನ್ ಏನು ಮಾಡುತ್ತದೆ ಅಂದರೆ, ಬೆಳಕು ಸಾಲದು ಅಂತ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಅಥವಾ ಒಂದರ ಹಿಂದೆ ಒಂದು ಹಲವು ಫೋಟೋ ತೆಗೆದು ಸೇರಿಸುತ್ತದೆ. ಅದನ್ನೇ ನೈಟ್ ಮೋಡ್ ಅನ್ನುವುದು. ಕಟ್ಟಡಕ್ಕೆ ಅದು ತುಂಬ ಒಳ್ಳೆಯದು. ಮಕ್ಕಳಿಗೆ, ವಯಸ್ಸಾದವರಿಗೆ ಅಲ್ಲ. ಆಮೇಲೆ ಚುಕ್ಕೆ ಚುಕ್ಕೆ ಕಾಣಬಾರದು ಅಂತ ಚರ್ಮವನ್ನು ನುಣ್ಣಗೆ ಉಜ್ಜಿಬಿಡುತ್ತದೆ. 71 ವರ್ಷದ ಮುಖದ ಗೆರೆಗಳೆಲ್ಲ ಹೋಗಿಬಿಡುತ್ತವೆ.

ಇದಕ್ಕೆ ಬೇಕಾಗಿರುವುದು ಎರಡು. ದೊಡ್ಡ ಸೆನ್ಸರ್, ಅಗಲವಾಗಿ ತೆರೆಯುವ ಲೆನ್ಸ್.

ಸೆನ್ಸರ್ ಅಂದರೆ ಬೆಳಕು ಬೀಳುವ ಚಿಪ್. ಅಂಗಡಿಯವರು ತೋರಿಸಿದಂಥ 40 ಎಕ್ಸ್ ಕ್ಯಾಮೆರಾಗಳಲ್ಲಿ ಅದು 1/2.3 ಇಂಚಿನದು, ಅಂದರೆ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ. ಒಂದು ತೊಗರಿ ಬೇಳೆಯಷ್ಟು. ಇನ್ನೊಂದು ಜಾತಿಯ ಚಿಕ್ಕ ಕ್ಯಾಮೆರಾ ಇದೆ, '1 ಇಂಚು ಸೆನ್ಸರ್' ಅಂತ ಕರೆಯುತ್ತಾರೆ. ಅದು ನಿಜಕ್ಕೂ ಒಂದು ಇಂಚು ಇರುವುದಿಲ್ಲ. 13.2 ಮಿ.ಮೀ. ಉದ್ದ, 8.8 ಮಿ.ಮೀ. ಅಗಲ, ಹೆಚ್ಚುಕಡಿಮೆ ಹುಣಸೆ ಬೀಜದಷ್ಟು. ಆ ಹೆಸರು ಹಳೇ ಕಾಲದ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದು ಹಾಗೇ ಉಳಿದುಬಿಟ್ಟಿದೆ. ಲೆಕ್ಕ ಹಾಕಿ ನೋಡಿ, ಬೇಳೆಗಿಂತ ಬೀಜದ ಜಾಗ ನಾಲ್ಕು ಪಟ್ಟು ಜಾಸ್ತಿ.

ಇಲ್ಲಿ ಒಂದು ಮಾತು ಯಾವ ಅಂಗಡಿಯಲ್ಲೂ ಹೇಳುವುದಿಲ್ಲ. ಇವತ್ತಿನ ಒಳ್ಳೆಯ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಆ ತೊಗರಿ ಬೇಳೆಗಿಂತ ದೊಡ್ಡದು. ಹಾಗಾದರೆ ಆ 40 ಎಕ್ಸ್ ಕ್ಯಾಮೆರಾವನ್ನು ಬೇಲೂರಿನ ಒಳಗೆ ತೆಗೆದುಕೊಂಡು ಹೋದರೆ, ಅಮ್ಮನ ಫೋಟೋ ಈಗಿನದಕ್ಕಿಂತ ಕೆಟ್ಟದಾಗಿ ಬರಬಹುದು! ಕೋಡಕ್ ಪಿಕ್ಸ್‌ಪ್ರೋ ಎಫ್‌ಜೆಡ್55 ತರಹದ ಅಗ್ಗದ ಕ್ಯಾಮೆರಾಗಳದ್ದೂ ಇದೇ ಕಥೆ. ಬಿಸಿಲಿನಲ್ಲಿ ಮುದ್ದಾದ ಫೋಟೋ ಕೊಡುತ್ತವೆ, ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ನಿಮ್ಮ ತೊಂದರೆಗೆ ಮಾತ್ರ ಅವು ಔಷಧ ಅಲ್ಲ.

ಈಗ ಲೆನ್ಸ್. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಒಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಗೋಪುರದ ತಲೆಕೆಳಗಾದ ನೆರಳು ತೋರಿಸುತ್ತಾರೆ, ನೋಡಿದ್ದೀರಿ ಅಲ್ವಾ? ಗೋಡೆಯಲ್ಲಿ ಸಣ್ಣ ಕಿಂಡಿ. ಅದರಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ಉಲ್ಟಾ ಬರೆಯುತ್ತದೆ. ಆ ಕೋಣೆಯೇ ಒಂದು ಕ್ಯಾಮೆರಾ. ಆದರೆ ಚಿತ್ರ ಎಷ್ಟು ಮಂಕು ಅಂದರೆ ಕತ್ತಲೆ ಇಲ್ಲದಿದ್ದರೆ ಕಾಣುವುದೇ ಇಲ್ಲ, ಯಾಕೆಂದರೆ ಕಿಂಡಿ ಚಿಕ್ಕದು. ಕಿಂಡಿ ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಚಿತ್ರ ಕದಡುತ್ತದೆ. ಕಿಂಡಿ ದೊಡ್ಡದಿದ್ದರೂ ಚಿತ್ರ ಕದಡದಂತೆ ಮಾಡುವುದೇ ಲೆನ್ಸಿನ ಕೆಲಸ. ಲೆನ್ಸಿನ ಸುತ್ತ ಎಫ್ 1.8, ಎಫ್ 2.8 ಅಂತ ಬರೆದಿರುತ್ತದಲ್ಲ, ಅದು ಈ ಕಿಂಡಿಯ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ಅಲ್ಲಿ ಎರಡು ಅಂಕಿ ಬರೆದಿದ್ದರೆ, ಎರಡನೆಯದನ್ನು ಓದಿ. ಮೊದಲನೆಯದು ಜೂಮ್ ಮಾಡದೇ ಇದ್ದಾಗಿನದು, ಎರಡನೆಯದು ಪೂರ್ತಿ ಜೂಮ್ ಮಾಡಿದಾಗಿನದು. ಕ್ಯಾನನ್ ಎಸ್‌ಎಕ್ಸ್740 40 ಎಕ್ಸ್ ಜೂಮಿನ ಕ್ಯಾಮೆರಾ. ಅದರಲ್ಲಿ ಎಫ್ 3.3 ಇಂದ 6.9 ಅಂತ ಇದೆ. ಎಫ್ 6.9ರಲ್ಲಿ ಒಳಗೆ ಬರುವ ಬೆಳಕಿನ ತೀವ್ರತೆ, ಎಫ್ 1.8ಕ್ಕೆ ಹೋಲಿಸಿದರೆ ಸುಮಾರು 15ರಲ್ಲಿ ಒಂದು ಪಾಲು. ಅದೂ ಬೇಳೆಯಷ್ಟು ಸೆನ್ಸರಿನ ಮೇಲೆ.

ಎರಡನೇ ಫೋಟೋ ಕಬಿನಿಯದು. ಹಿನ್ನೀರಿನ ಆಚೆ ದಡದಲ್ಲಿ ಆನೆಗಳಿವೆ. ನೀವು ಬರೆದಿರದಿದ್ದರೆ ಕಲ್ಲು ಅಂದುಕೊಳ್ಳುತ್ತಿದ್ದೆ. ಇಲ್ಲಿ ದೊಡ್ಡ ಜೂಮ್ ನಿಜವಾಗಿಯೂ ಬೇಕು, ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಬಿಸಿಲು ಚೆನ್ನಾಗಿದ್ದು, ಜೀಪಿನ ಎಂಜಿನ್ ನಿಲ್ಲಿಸಿದ್ದರೆ ಎಸ್‌ಎಕ್ಸ್740 ಅಥವಾ 2025ರಲ್ಲಿ ಬಂದ ಪ್ಯಾನಸೋನಿಕ್ ಟಿಜೆಡ್99 ಆ ಆನೆಗಳನ್ನು ಫ್ರೇಮ್ ತುಂಬ ತರುತ್ತವೆ. ಆದರೆ ಸಫಾರಿ ಇರುವುದು ಬೆಳಗಿನ ಜಾವ ಮತ್ತು ಸಂಜೆ. ಪ್ರಾಣಿ ಹೊರಗೆ ಬರುವ ಹೊತ್ತಿಗೆ ಬೆಳಕು ಇಳಿದಿರುತ್ತದೆ. ಆಗ ಈ ಕ್ಯಾಮೆರಾಗಳಲ್ಲಿ ಆನೆ ದೊಡ್ಡದಾಗಿ ಕಾಣುತ್ತದೆ, ಚರ್ಮದ ಸುಕ್ಕು ಮಾತ್ರ ಕಾಣುವುದಿಲ್ಲ. ಕಂದು ಬಣ್ಣ ಬಳಿದಿಟ್ಟ ಹಾಗಿರುತ್ತದೆ.

ನನ್ನ ಸಲಹೆ ಕೇಳಿ. ವರ್ಷಕ್ಕೆ ಒಂದು ಸಂಜೆಯ ಆನೆಗೋಸ್ಕರ ಕ್ಯಾಮೆರಾ ಕೊಳ್ಳಬೇಡಿ. ಅದರ ಬದಲು 8x42 ಅಂತ ಬರೆದಿರುವ ಒಂದು ಬೈನಾಕ್ಯುಲರ್ ಕೊಳ್ಳಿ, ಎಲ್ಲರೂ ಸರದಿಯಲ್ಲಿ ನೋಡಿ. ಅಮ್ಮ ಅದನ್ನು ಕಣ್ಣಿಗಿಟ್ಟುಕೊಂಡು ಬಾಯಿ ತೆರೆದು ಕೂತಾಗ ಅವರ ಫೋಟೋ ತೆಗೆಯಿರಿ. ಆನೆಯ ಫೋಟೋ ಯಾರ ಹತ್ತಿರ ಕೇಳಿದರೂ ಸಿಗುತ್ತದೆ, ಈ ಫೋಟೋ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಅಂದ ಹಾಗೆ, ಸಫಾರಿಗಳಲ್ಲಿ ಕ್ಯಾಮೆರಾಕ್ಕೆ ಬೇರೆ ಶುಲ್ಕ ಇರಬಹುದು, ಲೆನ್ಸ್ ಉದ್ದವಾದಷ್ಟೂ ಅದು ಏರಲೂಬಹುದು. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಎಷ್ಟು 'ಎಕ್ಸ್' ಅನ್ನುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅದು ದೂರದ ಲೆಕ್ಕ ಅಲ್ಲ, ಬರೀ ಭಾಗಾಕಾರ. ಲೆನ್ಸಿನ ಫೋಕಲ್ ಲೆಂತ್ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) 24ರಿಂದ 960 ಮಿ.ಮೀ. ಅಂದರೆ 960 ಭಾಗಿಸು 24, 40 ಎಕ್ಸ್. ಮನೆಮಂದಿಯ ಫೋಟೋಕ್ಕೆ 24 ಮತ್ತು 100ರ ನಡುವೆ ಎಲ್ಲವೂ ಬಂದುಬಿಡುತ್ತದೆ. 24ರಲ್ಲಿ ಇಡೀ ಕುಟುಂಬ, ಹಿಂದೆ ದೇವಸ್ಥಾನ. 70ರಿಂದ 100ರಲ್ಲಿ ಒಬ್ಬರ ಮುಖ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರ ಆಸುಪಾಸು ಇರುತ್ತದೆ. ಮುಖ ದೊಡ್ಡದಾಗಿ ಬರಲಿ ಅಂತ ಹತ್ತಿರ ಹೋದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. 'ಫೋಟೋದಲ್ಲಿ ನಾನು ಚೆನ್ನಾಗಿ ಕಾಣಲ್ಲ' ಅಂತ ಅಮ್ಮಂದಿರು ಹೇಳುವುದಕ್ಕೆ ಇದೂ ಒಂದು ಕಾರಣ. ಎರಡು ಹೆಜ್ಜೆ ಹಿಂದೆ ಬಂದು 80ರಲ್ಲಿ ತೆಗೆದು ತೋರಿಸಿ, ಅವರೇ ಇನ್ನೊಂದು ತೆಗಿ ಅನ್ನುತ್ತಾರೆ.

ಗೋಕರ್ಣದ ಫೋಟೋ ಮೂರನೆಯದು. ಅಲೆಯಲ್ಲಿ ಮಗ, ಸುತ್ತ ಎಲ್ಲ ಮಂಜು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದಿರಿ, ಒಳಗೆ ಹಬೆ ಕಟ್ಟಿದೆ. ನೀರಿಗೇ ಅಂತ ಮಾಡಿದ ಕ್ಯಾಮೆರಾ ಇದೆ. ಒಎಂ ಸಿಸ್ಟಮ್‌ನ ಟಿಜಿ-7 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ, 2 ಮೀಟರ್ ಎತ್ತರದಿಂದ ಬಿದ್ದರೂ ತಾಳಿಕೊಳ್ಳುವ ಹಾಗೆ ಮಾಡಿದ್ದಾರೆ. ಅದರ ಜೂಮ್ ದೇಹದ ಒಳಗೇ ಆಗುತ್ತದೆ, ಲೆನ್ಸ್ ಹೊರಗೆ ಚಾಚುವುದಿಲ್ಲ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿ ತೊಳೆಯಬೇಕು, ಮುಚ್ಚಳದ ರಬ್ಬರಿನಲ್ಲಿ ಒಂದು ಕೂದಲೂ ಇರಬಾರದು. ನೀವು ಪ್ರತಿ ಸಲ ಸಮುದ್ರಕ್ಕೇ ಹೋಗುವವರಾಗಿದ್ದರೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತಿದ್ದೆ. ಆದರೆ ಇದರ ಸೆನ್ಸರ್ ಸಹ ಬೇಳೆಯಷ್ಟೇ. ಬೇಲೂರಿಗೆ ಆಗುವುದಿಲ್ಲ.

ಲೆನ್ಸ್ ಹೊರಗೆ ಚಾಚುವ ಕ್ಯಾಮೆರಾವನ್ನು ಮರಳಿನ ಮೇಲೆ ಆನ್ ಮಾಡಬೇಡಿ. ಇದನ್ನು ನಾನು ಅನುಭವಿಸಿದ್ದೇನೆ. ಓಂ ಬೀಚಿನಲ್ಲಿ ಗಾಳಿ ಬೀಸುತ್ತಿದ್ದಾಗ ಫೋಟೋ ತೆಗೆದು ಆಫ್ ಮಾಡಿದೆ. ಕರ್ ಅಂತ ಒಂದು ಸದ್ದು. ಲೆನ್ಸ್ ಅರ್ಧಕ್ಕೆ ನಿಂತಿತು, ಮುಂದೂ ಇಲ್ಲ, ಹಿಂದೂ ಇಲ್ಲ. ಕೊಳವೆಗಳ ಸಂದಿಯಲ್ಲಿ ಎರಡು ಮೂರು ಕಾಳು ಮರಳು ಸಿಕ್ಕಿಕೊಂಡಿತ್ತು, ಅಷ್ಟೇ. ರಿಪೇರಿಗೆ ಕ್ಯಾಮೆರಾದ ಅರ್ಧ ಬೆಲೆ ಕೇಳಿದರು. ಅಂದಿನಿಂದ ಬೀಚಿನಲ್ಲಿ ಫೋನೇ ಸಾಕು ಅಂತ ಮಾಡಿದ್ದೇನೆ. ನೀವೂ ಹಾಗೇ ಮಾಡಿ. ಚೀಲದಲ್ಲಿ ಹಬೆ ಕಟ್ಟಬಾರದು ಅಂದರೆ, ರೂಮಿನ ಎಸಿಯಲ್ಲಿ ತಣ್ಣಗಾದ ಫೋನನ್ನು ಹೊರಗೆ ಹದಿನೈದು ಇಪ್ಪತ್ತು ನಿಮಿಷ ಇಟ್ಟು ಆಮೇಲೆ ಚೀಲಕ್ಕೆ ಹಾಕಿ.

ಕೊನೆಯದು ಹಂಪಿ. ಕಲ್ಲಿನ ರಥದ ಮುಂದೆ ಎಲ್ಲರೂ ನಿಂತಿದ್ದಾರೆ, ಮಧ್ಯಾಹ್ನ, ಬಿಸಿಲು ಬೆನ್ನಿನ ಕಡೆ. ರಥ ಚೆನ್ನಾಗಿದೆ, ಮುಖಗಳೆಲ್ಲ ಕಪ್ಪು. ಇದಕ್ಕೆ ಕ್ಯಾಮೆರಾದ ಫ್ಲಾಶ್ ಬೇಕು. ಬಿಸಿಲಿನಲ್ಲಿ ಫ್ಲಾಶ್ ಯಾಕೆ ಅಂತ ಕೇಳಬೇಡಿ, ಅಲ್ಲೇ ಅದು ಜಾಸ್ತಿ ಕೆಲಸಕ್ಕೆ ಬರುವುದು. ಎರಡು ಮೀಟರ್ ದೂರದಲ್ಲಿ ನಿಂತವರ ಮುಖಕ್ಕೆ ಒಂದು ಚಿಟಿಕೆ ಬೆಳಕು ಹಾಕುತ್ತದೆ, ಕಣ್ಣುಗುಳಿಯ ಕಪ್ಪು ಹೋಗುತ್ತದೆ. ಫೋನಿನಲ್ಲಿರುವುದು ಬರೀ ಎಲ್‌ಇಡಿ ದೀಪ, ಬಿಸಿಲಿನ ಎದುರು ಅದು ಎಲ್ಲಿಗೂ ಸಾಲುವುದಿಲ್ಲ. (ದೇವಸ್ಥಾನದ ಒಳಗೆ ಮಾತ್ರ ಫ್ಲಾಶ್ ಬೇಡ. ಎಷ್ಟೋ ಕಡೆ ಬಿಡುವುದೂ ಇಲ್ಲ, ಗರ್ಭಗುಡಿಯ ಮುಂದೆ ಕ್ಯಾಮೆರಾ ತೆಗೆಯುವುದೇ ಬೇಡ.)

ಈ ಫೋಟೋದಲ್ಲಿ ಇನ್ನೂ ಒಂದು ಕೊರತೆ ಇದೆ. ನೀವೇ ಇಲ್ಲ. ನಾಲ್ಕು ಫೋಟೋದಲ್ಲಿ ಒಂದರಲ್ಲೂ ನೀವಿಲ್ಲ. ಹಾಗಾಗಿ ಪರದೆ ಮುಂದಕ್ಕೆ ಮಡಚಿಕೊಳ್ಳುವ ಕ್ಯಾಮೆರಾ ನೋಡಿ. ಕಟ್ಟೆಯ ಮೇಲೆ ಇಟ್ಟು, 10 ಸೆಕೆಂಡ್ ಟೈಮರ್ ಹಾಕಿ, ಎಲ್ಲರೂ ಫ್ರೇಮಿನಲ್ಲಿದ್ದಾರಾ ಅಂತ ಮುಂದೆ ನಿಂತೇ ನೋಡಬಹುದು. ಒಂದೇ ಸಲಕ್ಕೆ ಮೂರು ಫೋಟೋ ತೆಗೆಯುವ ಟೈಮರ್ ಇದ್ದರೆ ಅದನ್ನೇ ಹಾಕಿ. ನಾಲ್ಕು ವರ್ಷದವನು ಮೊದಲನೆಯದರಲ್ಲಿ ಎಲ್ಲೋ ನೋಡುತ್ತಿರುತ್ತಾನೆ.

ಹಾಗಾದರೆ ಏನು ಕೊಳ್ಳಬೇಕು? ನಾಲ್ಕರಲ್ಲಿ ಎರಡು ಫೋಟೋ ಹಾಳಾಗಿದ್ದು ಬೆಳಕಿನಿಂದ. ಆನೆಗೆ ಬೈನಾಕ್ಯುಲರ್, ಸಮುದ್ರಕ್ಕೆ ಫೋನ್ ಅಂತ ಒಪ್ಪಿಕೊಂಡರೆ, ನಿಮಗೆ ಬೇಕಾದ್ದು 1 ಇಂಚು ಸೆನ್ಸರ್, ಎಫ್ 1.8ರಿಂದ 2.8ರವರೆಗಿನ ಲೆನ್ಸ್, ಮಡಚುವ ಪರದೆ, ಒಳಗೇ ಇರುವ ಫ್ಲಾಶ್. ನನ್ನ ಮೊದಲ ಆಯ್ಕೆ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2. 2016ರದ್ದು, 24ರಿಂದ 100 ಮಿ.ಮೀ., ಪರದೆಗೆ ಟಚ್ ಇದೆ, ಮಗಳಿಗೂ ಸುಲಭ. ಎರಡನೆಯದು ಸೋನಿ ಆರ್‌ಎಕ್ಸ್100 ಮಾರ್ಕ್ 3. 2014ರದ್ದು, 24ರಿಂದ 70 ಮಿ.ಮೀ., ಇನ್ನೂ ಚಿಕ್ಕದು. ಬಿಸಿಲಿನಲ್ಲಿ ಪರದೆ ಕಾಣದಿದ್ದಾಗ ಕಣ್ಣಿಟ್ಟು ನೋಡುವ ಕಿಂಡಿ ಅದರಲ್ಲಿ ಮೇಲಕ್ಕೆ ಏಳುತ್ತದೆ. ಟಚ್ ಇಲ್ಲ. ಎರಡೂ 300 ಗ್ರಾಂ ಆಸುಪಾಸು. ಎರಡರಲ್ಲೂ 20 ಮೆಗಾಪಿಕ್ಸೆಲ್, ಆ ಬಗ್ಗೆ ಮತ್ತೆ ಯೋಚನೆ ಬೇಡ. 12 ಮೆಗಾಪಿಕ್ಸೆಲ್ ಇದ್ದರೂ 13 ಇಂಚು ಉದ್ದದ ಒಳ್ಳೆಯ ಪ್ರಿಂಟ್ ಬರುತ್ತದೆ.

ಇವೆರಡೂ ಹಳೆಯ ಮಾಡೆಲ್, ಸೆಕೆಂಡ್ ಹ್ಯಾಂಡ್ ಕೊಳ್ಳಬೇಕು. ಬೇಸರ ಮಾಡಿಕೊಳ್ಳಬೇಡಿ. 2019ರ ಜಿ7ಎಕ್ಸ್ ಮಾರ್ಕ್ 3, 24ರಿಂದ 200 ಮಿ.ಮೀ. ಇರುವ ಆರ್‌ಎಕ್ಸ್100 ಮಾರ್ಕ್ 7, ಇವೆಲ್ಲ ಹೊಸದು ಕೊಂಡರೆ ನಿಮ್ಮ ಬಜೆಟ್ ದಾಟುತ್ತವೆ. ಸೋನಿ ಜೆಡ್‌ವಿ-1 ಒಳ್ಳೆಯ ಕ್ಯಾಮೆರಾ, ಆದರೆ ವಿಡಿಯೋ ಮಾಡುವವರಿಗೆ ಅಂತ ಮಾಡಿದ್ದು, ಫ್ಲಾಶ್ ಇಲ್ಲ. ಚಿಕ್ಕ ಕ್ಯಾಮೆರಾಗಳ ಆಯ್ಕೆಯೇ ಈಗ ಕಡಿಮೆ. 2008ರಲ್ಲಿ ಜಪಾನಿನ ಕಂಪನಿಗಳು ಇಂಥವನ್ನು ಸುಮಾರು 11 ಕೋಟಿ ಕಳಿಸಿದ್ದವು, 2023ರ ಹೊತ್ತಿಗೆ 20 ಲಕ್ಷಕ್ಕೂ ಕಡಿಮೆ. ಈಗ ಹುಡುಗ ಹುಡುಗಿಯರು ಮತ್ತೆ ಕೇಳುತ್ತಿದ್ದಾರೆ, ಹಾಗಾಗಿ ಹಳೆಯವಕ್ಕೂ ಬೆಲೆ ಏರಿದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಹೀಗೆ ಮಾಡಿ. ಹತ್ತು ಸಲ ಆನ್ ಮಾಡಿ, ಆಫ್ ಮಾಡಿ. ಲೆನ್ಸ್ ನೇರವಾಗಿ ಬರಬೇಕು, ಕರಕರ ಸದ್ದು ಬರಬಾರದು. ಫೋನಿನ ಟಾರ್ಚ್ ಹಿಡಿದು ಲೆನ್ಸಿನ ಒಳಗೆ ಓರೆಯಾಗಿ ನೋಡಿ. ಜೇಡನ ಬಲೆಯ ಎಳೆ ತರಹ ಕಂಡರೆ ಅದು ಫಂಗಸ್, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಿಳಿ ಗೋಡೆಯ ಫೋಟೋ ಎಫ್ 8ರಲ್ಲಿ ತೆಗೆಯಿರಿ. ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಸೆನ್ಸರಿನ ಮೇಲೆ ಧೂಳು ಕೂತಿದೆ, ಅದನ್ನು ಬಿಚ್ಚದೆ ತೆಗೆಯಲಾಗದು. ಫ್ಲಾಶ್ ಎದ್ದು ಹೊಳೆಯುತ್ತದಾ ನೋಡಿ. ಬ್ಯಾಟರಿ ಉಬ್ಬಿದ್ದರೆ ಹೊಸದರ ಬೆಲೆ ಕಳೆದು ಕೊಡಿ. ಹೇಗೂ ಇನ್ನೊಂದು ಬ್ಯಾಟರಿ ಬೇಕೇ ಬೇಕು, ಒಂದು ಚಾರ್ಜಿಗೆ 250–300 ಫೋಟೋ ಅಷ್ಟೇ. ಹೊಸದು ಕೊಳ್ಳುವುದಾದರೆ ಬಿಲ್ ಮತ್ತು ಭಾರತದ ವಾರಂಟಿ ಇಲ್ಲದೆ ಕೊಳ್ಳಬೇಡಿ.

ಕ್ಯಾಮೆರಾ ಬಂದ ಮೇಲೆ ಬೇಲೂರಿಗೆ ಹೊಂದಿಸುವುದು ಹೀಗೆ. ಐಎಸ್ಒ, ಅಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿಕೊಳ್ಳಬೇಕು ಅನ್ನುವ ಅಂಕಿ, ಆಟೋದಲ್ಲಿಟ್ಟು ಮಿತಿ 3200 ಅಂತ ಹಾಕಿ. ಶಟರ್ ನಾವೇ ಹೇಳುವ ಮೋಡ್ ಆರಿಸಿ. ನಿಂತವರಿಗೆ 1/60, ಓಡುವ ಮಗನಿಗೆ 1/250. ಕೈ ಅಲುಗುವುದನ್ನು ತಡೆಯುವ ಸ್ಟೆಬಿಲೈಸೇಶನ್ ಮಗನ ಓಟವನ್ನು ತಡೆಯುವುದಿಲ್ಲ, ಅದಕ್ಕೆ ಶಟರೇ ಬೇಕು. ಫೋಟೋದಲ್ಲಿ ಸ್ವಲ್ಪ ಚುಕ್ಕೆ ಬರುತ್ತದೆ, ಬರಲಿ. ಮುಖ ಮುಖದ ಹಾಗೆ ಇರುತ್ತದೆ. ಇನ್ನೊಂದು ಮಾತು. ಇದನ್ನು ಮೊದಲು ನಿಮ್ಮ ಫೋನಿನಲ್ಲೇ ಮಾಡಿ ನೋಡಿ. ನೈಟ್ ಮೋಡ್ ಆಫ್ ಮಾಡಿ, ಪ್ರೊ ಮೋಡಿನಲ್ಲಿ 1/60 ಇಟ್ಟು, ಸಂಜೆ ದೇವರ ಮನೆಯ ಬಾಗಿಲಲ್ಲಿ ಅಮ್ಮನನ್ನು ನಿಲ್ಲಿಸಿ ತೆಗೆಯಿರಿ. ಅದೇ ಸಾಕು ಅನ್ನಿಸಿದರೆ 50 ಸಾವಿರ ಉಳಿಯಿತು. ನನಗೆ ಅದು ಸಂತೋಷವೇ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಹೋಗಿಬಂದರೆ ಕ್ಯಾಮೆರಾವನ್ನು ಚರ್ಮದ ಕವರಿನಲ್ಲಿ ಹಾಕಿಟ್ಟು ಮರೆಯಬೇಡಿ. ಫಂಗಸ್ ಹುಟ್ಟುವುದೇ ಅಲ್ಲಿ. ಬಟ್ಟೆಯಲ್ಲಿ ಒರೆಸಿ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯಲ್ಲಿ ಹುಗಿಯಬೇಡಿ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಫೋಟೋಗಳನ್ನು ಮನೆಗೆ ಬಂದ ದಿನವೇ ಎರಡು ಕಡೆ ಕಾಪಿ ಮಾಡಿ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ.

ಮಗಳಿಗೆ ಖಂಡಿತ ಕೊಡಿ. ಒಂದೇ ನಿಯಮ ಹೇಳಿ: ಕೈಪಟ್ಟಿ ಮಣಿಕಟ್ಟಿಗೆ ಹಾಕಿಕೊಂಡ ಮೇಲೆಯೇ ಸ್ವಿಚ್ ಆನ್. ಮೋಡ್ ಚಕ್ರವನ್ನು ಆಟೋಗೆ ತಿರುಗಿಸಿ ಕೊಟ್ಟು ಸುಮ್ನೆ ಬಿಟ್ಟುಬಿಡಿ, ಹೀಗೆ ಹಿಡಿ ಹಾಗೆ ಹಿಡಿ ಅನ್ನಬೇಡಿ. ಬೇಲೂರಿನ ಗೋಡೆಯ ಬುಡದ ಆನೆಸಾಲು ನಮಗಿಂತ ಅವಳ ಕಣ್ಣಿಗೇ ಹತ್ತಿರ. ಮತ್ತೆ ಅವಳು ತೆಗೆದ ಫೋಟೋಗಳಲ್ಲಿ ನೀವು ಇರುತ್ತೀರಿ.